ಹೊಳೆ ಒಯ್ದ ಡೇರೆಗಳು

ಆ ರಾತ್ರಿ ಮಲಪ್ರಭೆಯ ನೀರು ಏರಿದ್ದನ್ನು ನಾನು ಕಣ್ಣಾರೆ ನೋಡಿದೆನೋ, ಉಳಿದವರು ಹೇಳಿದ್ದನ್ನು ಕೇಳಿ ಕೇಳಿ ನೋಡಿದವನಂತಾದೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಬೆಳದಿಂಗಳಿದೆ. ಜೊತೆಗಿದ್ದ ವಿದ್ಯಾರ್ಥಿಯೊಬ್ಬ, ಈಗ ಅವನ ತಲೆಯೂ ನರೆತಿದೆ, ಕಾಲ ಕೆಳಗಿನ ನೆಲ ಕಾಣದಷ್ಟು ಕತ್ತಲೆ ಇತ್ತು ಎನ್ನುತ್ತಾನೆ. ವರ್ಷವನ್ನೂ ಬಹಳ ಕಾಲ ತಪ್ಪಾಗಿ ಇಟ್ಟುಕೊಂಡಿದ್ದೆ. ಐವತ್ತರ ದಶಕದ ನಡುವೆ, ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದಾಗ, ಎಂದಷ್ಟು ಧೈರ್ಯದಿಂದ ಹೇಳಬಲ್ಲೆ. ಇಷ್ಟು ಸಡಿಲವಾದ ನೆನಪನ್ನು ನಂಬಿ ಬರೆಯಬಾರದು ಎಂದು ಮೂವತ್ತು ವರ್ಷ ಸುಮ್ಮನಿದ್ದೆ. ಹಾಗೆ ಸುಮ್ಮನಿರುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಕಳೆದ ತಿಂಗಳು ಗಜೇಂದ್ರಗಡದ ಒಂದು ಶ್ರದ್ಧಾಂಜಲಿ ಸಭೆಯಲ್ಲಿ ಕೂತು ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ತೀರಿಕೊಂಡವರು, ನಾನು ಆ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದಾಗಿನ ನಮ್ಮ ಡ್ರಿಲ್ ಮಾಸ್ತರರು. ಅವರ ಫೋಟೋಕ್ಕೆ ದಪ್ಪ ಹಾರ ಹಾಕಿದ್ದರು. ಶಾಲೆಯ ಆಡಳಿತ ಮಂಡಳಿಯ ಪರವಾಗಿ ಎದ್ದು ನಿಂತವರು ಕಾಗದ ನೋಡಿಕೊಂಡು ಓದಿದರು: ಮೃತರು ಶಿಸ್ತಿನ ಮನುಷ್ಯರಾಗಿದ್ದರು, ಮಕ್ಕಳ ದೇಹಬಲಕ್ಕಾಗಿ ದುಡಿದರು, ಕೊನೆಗೆ ಸ್ವಂತ ಇಚ್ಛೆಯಿಂದ ಸೇವೆ ಬಿಟ್ಟು ನರಗುಂದಕ್ಕೆ ಹೋಗಿ ನೆಲೆಸಿದರು. ಸ್ವಂತ ಇಚ್ಛೆಯಿಂದ! ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಕಡಿಮೆಯೆಂದರೂ ಐದು ಜನ ಇದ್ದೆವು. ಒಬ್ಬರೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಎರಡು ನಿಮಿಷ ಮೌನ ಆಚರಿಸಿರಿ ಎಂದರು. ಆಚರಿಸಿದೆವು; ಅದರಲ್ಲಿ ನಮಗೆಲ್ಲ ಒಳ್ಳೆಯ ಅಭ್ಯಾಸವಿತ್ತು.

ಮಾಸ್ತರರು ಗಿಡ್ಡ ಆಳು. ಖಾಕಿ ಚಡ್ಡಿ, ಮೊಣಕಾಲಿನ ತನಕ ಎಳೆದ ಕಾಲುಚೀಲ. ಕೊರಳಲ್ಲಿ ಸೀಟಿ ಇದ್ದರೂ ಊದುತ್ತಿರಲಿಲ್ಲ. "ಸೀಟಿ ಊದಿದ್ರ ಹುಡುಗ್ರು ಸೀಟಿ ಮಾತ ಕೇಳತಾರ, ನನ್ನ ಮಾತ ಕೇಳೂದಿಲ್ಲ" ಎನ್ನುವರು. ಅವರಿಗೊಂದು ಚಟವಿತ್ತು. ಎಲ್ಲಿ ನಿಂತರೂ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಒತ್ತಿ ನೋಡುವರು, ಇಲ್ಲಿ ಗೂಟ ಹಿಡಿಯುತ್ತದೋ ಇಲ್ಲವೋ ಎಂದು. ಯಾರದೋ ಮನೆಯ ಅಂಗಳವಾಗಲಿ, ಕಚೇರಿಯ ಮುಂದಿನ ಬಯಲಾಗಲಿ, ಒಮ್ಮೆ ಸತ್ತವರ ಮನೆಯ ಮುಂದೆ ಕೂಡ, ಒತ್ತಿ ತಲೆಯಾಡಿಸಿದ್ದನ್ನು ನೋಡಿದ್ದೇನೆ. ಇದು ಖಂಡಿತ ನೋಡಿದ್ದೇ; ಆಮೇಲೆ ಹೊರಗೆ ಬಂದು ನನ್ನ ಕಿವಿಯಲ್ಲಿ "ಗರಸು ನೆಲ, ಭಾಳ ಚಲೋ ಹಿಡೀತೈತಿ" ಎಂದಿದ್ದರು.

ಇದು ಅವರಿಗೆ ಎಲ್ಲಿಂದ ಬಂತೆಂದರೆ, ಮಾಸ್ತರರಾಗುವ ಮುಂಚೆ ಅವರು ಸರ್ವೆ ತಂಡವೊಂದರಲ್ಲಿ ಖಲಾಸಿ ಆಗಿದ್ದರು. ಡೇರೆ ಹೊಡೆಯುವುದು, ಬಿಚ್ಚುವುದು, ಎತ್ತಿನ ಗಾಡಿಗೆ ಹೇರುವುದು, ಮುಂದಿನ ಊರಲ್ಲಿ ಮತ್ತೆ ಹೊಡೆಯುವುದು. ಹಲವು ವರ್ಷ ಚಾವಣಿಯ ಕೆಳಗೆ ಮಲಗಿರಲಿಲ್ಲವಂತೆ. ಆಮೇಲೆ ರಾತ್ರಿ ಓದಿ, ವ್ಯಾಯಾಮ ಶಿಕ್ಷಣದ ಪರೀಕ್ಷೆ ಪಾಸು ಮಾಡಿ ಶಾಲೆಗೆ ಬಂದರು. ಸೇರಿದ ವರ್ಷವೇ ಆಡಳಿತ ಮಂಡಳಿಯ ಬೆನ್ನು ಹತ್ತಿ, ಮಿಲಿಟರಿಯವರು ಹರಾಜು ಹಾಕಿದ ಮೂರು ಹಳೆಯ ಡೇರೆಗಳನ್ನು ಶಾಲೆಗೆ ತರಿಸಿಕೊಂಡರು.

ಆ ಡೇರೆಗಳನ್ನು ಅವರು ನೋಡಿಕೊಂಡ ರೀತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಅವರ ಮೇಲೆ ಬಂದ ಆರೋಪ ಅದೇ ಡೇರೆಗಳದು. ರವಿವಾರ ಬೆಳಿಗ್ಗೆ ಮೂರನ್ನೂ ಮೈದಾನದಲ್ಲಿ ಹಾಸಿ ಬಿಸಿಲಿಗೆ ಕಾಯಿಸುವರು. ಸಂಜೆ ಬೇವಿನ ಎಲೆ ಉದುರಿಸಿ, ಮಡಿಕೆ ಬಿದ್ದಲ್ಲೇ ಮತ್ತೆ ಮಡಿಕೆ ಬೀಳದ ಹಾಗೆ ಪ್ರತಿ ವಾರ ಬೇರೆ ಗೆರೆಗೆ ಮಡಚುವರು. ಒಂದೇ ಗೆರೆಗೆ ಮಡಚಿದರೆ ಬಟ್ಟೆ ಅಲ್ಲೇ ಸೀಳುತ್ತದಂತೆ. ನಾನು ಆಗ ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಂದ ಹೊಸ ಮಾಸ್ತರ. ವಯಸ್ಸು ಇಪ್ಪತ್ಮೂರು. ಯಾವ ಮಾತಿಗೂ ಆಧಾರ ಕೇಳುವವನು.

"ಬೇವಿನ ಎಲಿಯಿಂದ ಹುಳ ಹತ್ತೂದಿಲ್ಲ ಅಂತ ಯಾರು ಹೇಳ್ಯಾರ್ರಿ?" ಎಂದು ಕೇಳಿದ್ದೆ.

"ಹುಳಾನ ಹೇಳ್ಯಾವ್ರಿ, ಬಿ.ಎ. ಮಾಸ್ತರ್ರ. ಹನ್ನೆರಡು ವರ್ಷ ಅವಕ್ಕ ಗಂಟ ಬಿದ್ದಾಂವ ನಾನು."

ಆಡಳಿತ ಮಂಡಳಿಯ ಚೇರಮನ್ನರು ಊರಿನ ದೊಡ್ಡ ಅರಳೆ ವ್ಯಾಪಾರಿ. ಅವರ ಮಗಳ ಮದುವೆಗೆ ಅಡುಗೆ ಮಾಡಲು ನೆರಳು ಬೇಕಾಗಿ ಆಳನ್ನು ಕಳಿಸಿ ಡೇರೆ ಕೇಳಿದರು. ಮಾಸ್ತರರು ಕೊಡಲಿಲ್ಲ. "ಹೊಗಿ ಹಿಡದ ಡೇರೆ ಮಳಿ ನೀರ ತಡಿಯೂದಿಲ್ಲ ಅಂತ ಸಾವ್ಕಾರ್ರಿಗೆ ಹೇಳು. ಮಂದಿ ಕೂಡಾಕ ಅಂದ್ರ ನಾನ ಬಂದು ಹೊಡದ ಕೊಡತೀನಿ. ಒಲಿ ಮ್ಯಾಲೆ ಬ್ಯಾಡ." ಅಂಥ ಮನುಷ್ಯನಿಗೆ ಆ ಊರಲ್ಲಿ ಹಾಗೆ ಹೇಳಿಕಳಿಸುವವರು ಯಾರೂ ಇರಲಿಲ್ಲ. ಈ ಮಾತಿಗೂ ಮುಂದೆ ನಡೆದದ್ದಕ್ಕೂ ಸಂಬಂಧವಿದೆ ಎಂದು ನಾನು ಸಿದ್ಧಮಾಡಿ ತೋರಿಸಲಾರೆ. ಇಲ್ಲವೆಂದು ನಂಬಲೂ ಆಗುವುದಿಲ್ಲ.

ಮಾಸ್ತರರ ತಲೆಯಲ್ಲಿ ಒಂದು ದಾರಿ ಇತ್ತು. ಹೊಳೆಯ ದಂಡೆ ಹಿಡಿದು ಮೆಣಸಗಿಯಿಂದ ಮೇಲಕ್ಕೆ ಕೊಣ್ಣೂರ ತನಕ ಗಾಡಿಜಾಡು, ಕಾಲುದಾರಿ ಸೇರಿಸಿಕೊಂಡು ಸೈಕಲ್ ಮೇಲೆ ಹೋಗುವುದು. ಸೈಕಲ್ ಓಡದಲ್ಲಿ ನೂಕಿಕೊಂಡು ನಡೆಯುವುದು. ಎರಡು ರಾತ್ರಿ ಹೊಳೆಯ ಬದಿಗೆ ಡೇರೆಯಲ್ಲಿ ಮಲಗುವುದು. ನರಗುಂದದ ಗುಡ್ಡ ಹತ್ತಿ ಇಳಿದು ಊರಿಗೆ ಮರಳುವುದು. ಎಲ್ಲಿ ಸಿಹಿನೀರ ಬಾವಿ, ಎಲ್ಲಿ ನೆರಳು, ಎಲ್ಲಿ ಮುಳ್ಳುಕಂಟಿ ಎಂದು ಗೆರೆ ಎಳೆದು ತೋರಿಸುವ ನಕ್ಷೆಯೊಂದನ್ನು ಮಾಡಿಟ್ಟಿದ್ದರು. "ಎರಿ ಹೊಲದಾಗ ಹುಟ್ಟಿದ ಹುಡುಗ್ರು. ನೀರಿನ ಸಪ್ಪಳ ಕೇಳ್ಕೋತ ಒಂದ ರಾತ್ರಿನಾದ್ರೂ ಮಲಗಬೇಕಲ್ಲರಿ" ಎಂದಿದ್ದರು. ಹುಡುಗರು ಮನೆಯವರ ಕಾಲುಹಿಡಿದು ಸೈಕಲ್ ಎರವು ತಂದರು. ಆ ಕಾಲಕ್ಕೆ ಸೈಕಲ್ಲೆಂದರೆ ಮನೆಯ ದೊಡ್ಡ ಆಸ್ತಿ. ಹೊರಟವರು ಎಂಟು ಹುಡುಗರು, ಮಾಸ್ತರರು, ಜೊತೆಗೊಬ್ಬ ಹಿರಿಯ ಬೇಕೆಂದು ನಾನು.

ಜೂನಿನ ಮಿರಗದ ಮಳೆ ಆ ವರ್ಷ ಕೈಕೊಟ್ಟಿತ್ತು. ಸೂಡಿ, ರೋಣ ದಾಟಿ ಹೋದ ದಾರಿಯುದ್ದಕ್ಕೂ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಮೆಣಸಗಿಯ ಹತ್ತಿರ ಹೊಳೆಗೆ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಹೊಳೆಯೆಂದರೆ ಅಗಲವಾದ ಮರಳು, ನಡುವೆ ಮೊಣಕಾಲು ಮುಳುಗದ ನೀರು. ದಂಡೆಯ ಮೇಲೆ ಎರೆಮಣ್ಣು ಬಿರುಕುಬಿಟ್ಟು, ಒಂದೊಂದು ಬಿರುಕಿನಲ್ಲೂ ಚೇಳು. ಮಾಸ್ತರರು ಹಿಮ್ಮಡಿ ಒತ್ತಿ ನೋಡಿ, ಮರಳಿನ ಮೇಲೇ ಹೊಡೆಯೋಣ ಎಂದರು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಅವರು ಕುಣಿ ತೋಡಿ, ಹತ್ತಿಕಟ್ಟಿಗೆಯ ಕಟ್ಟನ್ನು ಅಡ್ಡಕ್ಕೆ ಹೂತು, ಅದಕ್ಕೆ ಹಗ್ಗ ಬಿಗಿದರು. ಎರಡು ಡೇರೆ ನೀರಿನ ಕಡೆಗೆ, ಹುಡುಗರಿಗೆ. ಮೂರನೆಯದು ದಂಡೆಯ ಬುಡಕ್ಕೆ. ಅದರಲ್ಲಿ ಅಡುಗೆಯ ಸಾಮಾನು ಮತ್ತು ನಾನು.

ಕತ್ತಲಾಗುವ ಮುಂಚೆ ಅವರು ಜೋಳದ ದಂಟೊಂದನ್ನು ನೀರಿನ ಅಂಚಿಗೆ ಚುಚ್ಚಿದರು. ಎರಡನೆಯದನ್ನು ಅದರಿಂದ ನಾಲ್ಕು ಮಾರು ಈಚೆಗೆ, ಮೂರನೆಯದನ್ನು ಇನ್ನೂ ನಾಲ್ಕು ಮಾರು ಈಚೆಗೆ. ತಾವು ಮೂರನೆಯ ದಂಟಿನ ಪಕ್ಕದಲ್ಲೇ ಕಂಬಳಿ ಹಾಸಿಕೊಂಡರು. ಯಾಕೆಂದು ಕೇಳಿದೆ.

"ಹೊಳಿ ಬಂದ್ರ ತಿಳೀಲಿ ಅಂತ."

"ಮೋಡಾನ ಇಲ್ಲಲ್ರಿ?"

"ನಿಮ್ಮ ತಲಿ ಮ್ಯಾಲಿಲ್ಲರಿ. ಹೊಳಿಗೆ ತಲಿ ಖಾನಾಪುರದ ಕಡೆ, ಘಟ್ಟದಾಗ ಐತಿ. ಅಲ್ಲಿ ಬಿದ್ದಿದ್ದು ಎರಡ ದಿನಕ್ಕ ಇಲ್ಲಿ ಬರತೈತಿ."

ನಾನು ನಕ್ಕೆ. ಒಬ್ಬ ಹುಡುಗ, "ಸರ್, ಹೊಳಿ ಬಂದ್ರ ದಂಟ ಕೂಗತೈತೇನ್ರಿ?" ಎಂದ. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು, "ನಿಮ್ಮ ಬಿ.ಎ. ಮಾಸ್ತರ್ರ ಗೊರಕಿ ಮುಗದ ಮ್ಯಾಲೆ ಕೇಳಿಸ್ತೈತಿ, ಮಲಕೋ" ಎಂದರು.

ಮೂವತ್ತು ಮೈಲಿ ಸೈಕಲ್ ತುಳಿದ ಮೈ. ನನಗೆ ಕಲ್ಲು ಬಿದ್ದಂಥ ನಿದ್ದೆ. ಯಾರೋ ರಟ್ಟೆ ಹಿಡಿದು ಎಳೆದರು, ದಂಡೆ ಹತ್ತಿಸಿದರು, ಬನ್ನಿಗಿಡದ ಕೆಳಗೆ ಕೂರಿಸಿದರು. ಹುಡುಗರು ಅಲ್ಲಿ ಆಗಲೇ ಇದ್ದರು, ಸೈಕಲ್ಲುಗಳೂ ಇದ್ದವು. ಸ್ವಲ್ಪ ಹೊತ್ತಿಗೆ ನಾನು ಮಲಗಿದ್ದ ಡೇರೆಯೂ ಮುದ್ದೆಯಾಗಿ ಪಕ್ಕಕ್ಕೆ ಬಂದು ಬಿತ್ತು. ನನ್ನ ಪಾದ ಒದ್ದೆಯಾಗಿತ್ತು ಎಂದು ನೆನಪು. ನಾನು ಮತ್ತೆ ಅಲ್ಲೇ ಒರಗಿ ನಿದ್ದೆಹೋದೆ. ನಾಚಿಕೆಯ ಮಾತು, ಆದರೆ ನಡೆದದ್ದು ಇಷ್ಟೇ.

ಬೆಳಿಗ್ಗೆ ಹೊಳೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ಆಗಲೇ ಇಳಿಮುಖ. ಎರಡು ಡೇರೆ ಇರಲಿಲ್ಲ. ಮಾಸ್ತರರು ಸೊಂಟದ ತನಕ ಕೆಸರಾಗಿ, ದಂಡೆಗುಂಟ ಕೆಳಗೆ ಹುಡುಕುತ್ತ ಹೋಗಿ ಬರಿಗೈಲಿ ಮರಳಿದರು. ಅವರು ಹುಡುಗರನ್ನು ಎಣಿಸಿದರು. ಎಂಟು. ಮತ್ತೊಮ್ಮೆ ಎಣಿಸಿದರು. "ಹಾಳಾಗಿ ಹೋಗಲಿ. ಬಟ್ಟಿ" ಎಂದರು. ಆದರೆ ಊರು ಮುಟ್ಟುವ ತನಕ ಉಳಿದ ಡೇರೆಯನ್ನು ತಮ್ಮ ಸೈಕಲ್ ಮೇಲೇ ಇಟ್ಟುಕೊಂಡರು, ಹುಡುಗರ ಕೈಗೆ ಕೊಡಲಿಲ್ಲ.

ವಿಚಾರಣೆ ನಡೆದದ್ದು ಹದಿನೈದು ದಿನದೊಳಗೆ, ಹೆಡ್ಮಾಸ್ತರರ ಕೋಣೆಯಲ್ಲಿ. ಊರೆಲ್ಲ ಆಗಲೇ ತೀರ್ಪು ಕೊಟ್ಟಾಗಿತ್ತು. ನಮ್ಮ ಸೀಮೆಯವರಿಗೆ ನೀರೆಂದರೆ ತಲೆಯ ಮೇಲಿಂದ ಬೀಳುವಂಥದ್ದು. ಜೂನ್ ತಿಂಗಳ ತುಂಬ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡವರು. ತಮಗೆ ಹನಿ ಬೀಳದೆ ಹೊಳೆಗೆ ನೀರು ಬಂತೆಂದರೆ ನಂಬುವವರಲ್ಲ. ಮೆಣಸಗಿಗೆ ಹೋಗಿ ಕೇಳಿ ಬರುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಮಾಸ್ತರರು ಡೇರೆ ಮಾರಿಕೊಂಡರು, ಯಾವನೋ ಅರಳೆ ಅಂಡಿಗೆ, ಎಂದರೆ ಹತ್ತಿಯ ಮೂಟೆ, ಮುಚ್ಚಲು ಕೊಂಡಿದ್ದಾನೆ ಎಂದು ಮಾತು. ಅದನ್ನು ಹಬ್ಬಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಅರಳೆ ಅಂಡಿಗೆಯ ಮಾತು ಯಾರ ತಲೆಗೆ ಮೊದಲು ಹೊಳೆದೀತು ಎಂಬುದನ್ನು ಓದುವವರೇ ಯೋಚಿಸಲಿ.

ಚೇರಮನ್ನರು ನಡುವೆ ಕೂತಿದ್ದರು. "ಮಳಿ ಇಲ್ಲ, ಹೊಳಿ ಬಂತು. ಹ್ಯಾಂಗ್ರಿ ಮಾಸ್ತರ?"

"ಖಾನಾಪುರ ಕಡೆ ಮಳಿ ಆಗಿರಬೇಕ್ರಿ. ಆ ನೀರು."

"ಖಾನಾಪುರದ ಮಳಿ ರೋಣಕ್ಕ ಹ್ಯಾಂಗ ಬಂತು? ಬಸ್ಸಿನ್ಯಾಗ ಬಂತೇನು?"

ಕೋಣೆ ಗೊಳ್ಳೆಂದಿತು. ಹೆಡ್ಮಾಸ್ತರರೂ ನಕ್ಕರು. ಅವರು ಭೂಗೋಳ ಕಲಿಸುತ್ತಿದ್ದರು!

"ಮೆಣಸಗಿ ಅಂಬಿಗರನ್ನ ಕರಸ್ರಿ. ಅವ್ರು ಹೇಳತಾರ."

"ಅವ್ರು ನೀವು ಹೇಳಿದ್ದನ್ನ ಹೇಳತಾರ. ಅದಿರ್ಲಿ. ನೀರು ಬಂದು ಡೇರೆ ಒಯ್ತು. ಸೈಕಲ್ ಯಾಕ ಒಯ್ಯಲಿಲ್ಲ? ಒಂದಾದ್ರೂ ಸೈಕಲ್ ಹೋಗೇತೇನು?"

"ಮೊದಲ ಹುಡುಗ್ರನ್ನ ಹತ್ತಿಸಿದ್ನಿರಿ. ಆಮ್ಯಾಲೆ ಸೈಕಲ್. ಅವು ಮಂದಿಯವು. ಎರವು ತಂದಿದ್ದವು. ಡೇರೆ ನಮ್ಮ ಸಾಲಿವು, ಅದಕ್ಕ ಕಡೀಕ ಹೋದ್ನಿ. ಅಷ್ಟೊತ್ತಿಗೆ ನೀರು ಎದಿಮಟ ಇತ್ತು."

ಇದಕ್ಕಿಂತ ಚೆನ್ನಾಗಿ ಒಬ್ಬ ಮನುಷ್ಯನ ಮರ್ಯಾದೆ ತಿಳಿಯುವುದು ಹೇಗೆ? ಚೇರಮನ್ನರು ಅದನ್ನೇ ಗುಮಾಸ್ತನಿಗೆ ಬರೆಸಿದರು: 'ಶಾಲೆಯ ವಸ್ತುವನ್ನು ಉದ್ದೇಶಪೂರ್ವಕವಾಗಿ ಕೊನೆಗೆ ಬಿಟ್ಟಿದ್ದಾಗಿ ಒಪ್ಪಿದ್ದಾರೆ.' ಹುಡುಗರ ಮಾತು ಸಾಕ್ಷಿಯಲ್ಲ ಎಂದು ಅವರನ್ನು ಕರೆಯಲೇ ಇಲ್ಲ. ಉಳಿದವನು ನಾನು.

"ನೀವು ಓದಿದಾವ್ರು. ಕಣ್ಣಿಲೆ ಕಂಡಿದ್ದಷ್ಟ ಹೇಳ್ರಿ. ಡೇರೆ ನೀರಾಗ ಹೋಗೂದನ್ನ ನೋಡೀರಿ?"

"ಇಲ್ಲರಿ. ನನಗೆ ಎಚ್ಚರ ಇರಲಿಲ್ಲ."

"ಮುಂಜಾನೆ ಡೇರೆ ಇದ್ದ ಜಾಗಾ ನೋಡಿದ್ರಿ?"

"ಯಾವ ಜಾಗದಾಗ ಹೊಡದಿದ್ವಿ ಅಂತ ಖಚಿತ ಹೇಳಾಕ ಆಗೂದಿಲ್ಲರಿ. ಕುಣಿ ತೋಡಿದ ಗುರುತು ಉಳಿದಿರಲಿಲ್ಲ."

ಗುರುತು ಉಳಿದಿರಲಿಲ್ಲ! ಮರಳಿನಲ್ಲಿ ಅಷ್ಟು ಆಳಕ್ಕೆ ತೋಡಿದ ಹನ್ನೆರಡು ಕುಣಿಗಳನ್ನು, ಹೂತ ಕಟ್ಟಿಗೆಯ ಸಮೇತ, ನೀರಲ್ಲದೆ ಇನ್ನೇನು ಅಳಿಸೀತು? ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವನಿಗೆ ಆ ಒಂದು ಹೆಜ್ಜೆ ಮುಂದಿಡಲು ಆಗಲಿಲ್ಲ. ಆಗಲಿಲ್ಲವೋ, ಇಡಲಿಲ್ಲವೋ. ಕೆಂಪು ನೀರನ್ನು ನೋಡಿದ್ದೆ ಎಂದು ಹೇಳಿದೆ. "ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ" ಎಂದರು. ಅದು ಕಾಗದಕ್ಕೆ ಇಳಿಯಲಿಲ್ಲ. ಒದ್ದೆ ಪಾದದ ಮಾತನ್ನು ನಾನೇ ನುಂಗಿದೆ, ನೆನಪು ಗಟ್ಟಿಯಿಲ್ಲವೆಂದು. ಬರೆದದ್ದನ್ನು ಓದಿ ನೋಡಿ, ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದೆ. ಮಾಸ್ತರರು ನನ್ನ ಕಡೆ ನೋಡಲಿಲ್ಲ. ಅವರ ಹಿಮ್ಮಡಿ ಕೋಣೆಯ ಗಚ್ಚುನೆಲವನ್ನು ಒತ್ತುತ್ತಿತ್ತು.

ಪೊಲೀಸರಿಗೆ ಒಪ್ಪಿಸುವುದಿಲ್ಲ, ದೊಡ್ಡ ಮನಸ್ಸು ಮಾಡಿದ್ದೇವೆ, ನೀವೇ ರಾಜೀನಾಮೆ ಬರೆಯಿರಿ ಎಂದರು. ಬರೆದರು. ಶ್ರದ್ಧಾಂಜಲಿ ಸಭೆಯಲ್ಲಿ ಓದಿದ 'ಸ್ವಂತ ಇಚ್ಛೆ' ಇದೇ. ಹೋಗುವ ಮುಂಚಿನ ದಿನ, ರವಿವಾರವಲ್ಲದಿದ್ದರೂ, ಉಳಿದ ಡೇರೆಯನ್ನು ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು, ಹೊಸ ಗೆರೆಗೆ ಮಡಚಿ, ಕೀಲಿಯನ್ನು ಹೆಡ್ಮಾಸ್ತರರ ಮೇಜಿನ ಮೇಲಿಟ್ಟರು. ಆ ಡೇರೆಯ ಕೆಳಗೆ ಚೇರಮನ್ನರ ಮನೆಯ ಯಾವುದೋ ಕಾರ್ಯದಲ್ಲಿ ಒಲೆ ಉರಿಯಿತೆಂದು ಆಮೇಲೆ ಕೇಳಿದೆ. ನಾನು ನೋಡಿಲ್ಲ. ಹೊಳೆಯ ದಂಡೆಗೆ ಆ ಶಾಲೆಯಿಂದ ಮತ್ತೆ ಯಾವ ಹುಡುಗನೂ ಹೋಗಲಿಲ್ಲ.

ನಾನೂ ಆ ಕೆಲಸ ಬಿಟ್ಟೆ. ಎಲ್ಲಿಯೂ ಹೆಚ್ಚು ದಿನ ನಿಲ್ಲುವವನಲ್ಲ. ಎಷ್ಟೋ ವರ್ಷದ ಮೇಲೆ ನರಗುಂದದಲ್ಲಿ ಬಸ್ ಕಾಯುತ್ತಿದ್ದಾಗ ಎದುರಿನ ಸೈಕಲ್ ಅಂಗಡಿಯಲ್ಲಿ ಅವರನ್ನು ಕಂಡೆ. ಗಾಲಿಯೊಂದನ್ನು ತಿರುಗಿಸುತ್ತ, ಕಡ್ಡಿಗಳನ್ನು ಬೆರಳಿಂದ ಮೀಟಿ ಕಿವಿಗೊಟ್ಟು ಕೇಳುತ್ತಿದ್ದರು.

"ಬರ್ರಿ ಬಿ.ಎ. ಮಾಸ್ತರ್ರ. ಪಂಚರ್ ಆಗೇತೇನು?"

"ಇಲ್ಲರಿ. ನಿಮ್ಮನ್ನ ನೋಡಿ ಬಂದೆ."

"ನೋಡ್ರಿ ಮತ್ತ. ಇನ್ನೂ ಪುಕ್ಕಟ ಐತಿ."

ಚಹಾ ತರಿಸಿದರು. ಮನೆಯ ಕ್ಷೇಮ ಕೇಳಿದರು. ನಾನು ಬಹಳ ಹೊತ್ತು ಸುತ್ತಿ ಬಳಸಿ, ಕೊನೆಗೆ ಅಂದೆ: "ನಾ ಅವತ್ತ ಸುಳ್ಳ ಹೇಳಲಿಲ್ಲರಿ."

"ಹೌದ್ರಿ. ನೀವು ಕಂಡಷ್ಟ ಹೇಳಿದ್ರಿ. ಅದಕ್ಕ ನನಗ ಸಿಟ್ಟಿಲ್ಲ." ಗಾಲಿಯನ್ನು ಕೈಯಿಂದ ನಿಲ್ಲಿಸಿದರು. "ನೀವು ಕಾಣಲಿಲ್ಲ ಅಂದ್ರಿ. ಅವ್ರು ಆಗಲಿಲ್ಲ ಅಂತ ಬರಕೊಂಡ್ರು. ಎರಡೂ ಒಂದಲ್ಲ ಅನ್ನೂದು ಆ ಖೋಲಿಯೊಳಗ ಗೊತ್ತಿದ್ದಾಂವ ನೀವೊಬ್ರ. ಅದನ್ನಾದ್ರೂ ಹೇಳಬೇಕಾಗಿತ್ತು."

ನನ್ನ ಬಸ್ ಬಂತು. ಅವರು ಎದ್ದು ಬಂದು, ಕಿಟಕಿಯ ಹೊರಗೆ ನಿಂತು, ಸೀಟು ಸಿಕ್ಕಿತೇನು ಎಂದು ಕೇಳಿದರು.

ಶ್ರದ್ಧಾಂಜಲಿ ಸಭೆಯಿಂದ ಮರಳಿದ ವಾರ, ವಿಚಾರಣೆಯ ದಿನ ನನಗೆ ಕೊಟ್ಟಿದ್ದ ನಕಲನ್ನು ಟ್ರಂಕಿನಿಂದ ಹೊರಗೆ ತೆಗೆದೆ. ನಾವು ಹೊಳೆಯಲ್ಲಿ ಮಲಗಿದ್ದ ತಾರೀಖು ಅದರಲ್ಲಿತ್ತು. ಆ ಕಾಗದ ಹಿಡಿದು, ತಾಲೂಕು ತಾಲೂಕಿನ ಮಳೆಯನ್ನು ದಿನದಿನಕ್ಕೆ ಬರೆದಿಟ್ಟ ಹಳೆಯ ಪುಸ್ತಕಗಳಿರುವ ಸರಕಾರಿ ಕಚೇರಿಯೊಂದಕ್ಕೆ ಹೋದೆ. ಗುಮಾಸ್ತ ಧೂಳು ಕೊಡವಿ ತಂದುಕೊಟ್ಟ. ಹುಡುಕಲು ಕಾಲು ತಾಸು ಹಿಡಿಯಿತು. ಬೆಳದಿಂಗಳಿತ್ತೋ ಇಲ್ಲವೋ, ನನ್ನ ಪಾದ ಒದ್ದೆಯಿತ್ತೋ ಇಲ್ಲವೋ, ಅದರಲ್ಲಿ ಇರುವುದಿಲ್ಲ. ನಮ್ಮ ರೋಣ ತಾಲೂಕಿನ ಪುಟದಲ್ಲಿ ಆ ವಾರದ ಏಳು ದಿನದ ಮನೆಗಳಲ್ಲೂ ಮಳೆಯಿಲ್ಲವೆಂಬ ಬರಿಯ ಗೆರೆ. ಖಾನಾಪುರದ ಪುಟದಲ್ಲಿ, ನಾವು ಮರಳಿನ ಮೇಲೆ ಮಲಗಿದ್ದಕ್ಕೆ ಎರಡು ದಿನ ಮುಂಚೆ, ಆ ತಿಂಗಳ ಎಲ್ಲಕ್ಕಿಂತ ದೊಡ್ಡ ಮಳೆ ಬಿದ್ದಿದೆ.